ಡಬ್ಬಿಮನೆಗೆ ಕುದುರೆ ಕಟ್ಟಿದ್ದು

ಸುಟ್ಟ ಬಣ್ಣದ ಘಾಟು, ಮೆಣಸಿನಕಾಯಿ ಒಗ್ಗರಣೆಗಿಂತ ಕೆಟ್ಟದ್ದು, ಮೂಗಿನಿಂದ ಸೀದಾ ನೆತ್ತಿಗೆ ಏರಿತು, ವೆಲ್ಡಿಂಗ್ ಈರೇಶ್ ಹಾರಿಸುವ ಕಿಡಿ ಚಳ್ಳಕೆರೆಯಲ್ಲಿ ನಿಂತವರಿಗೂ ಕಾಣುವ ಹಾಗಿದೆ, ದುರುಗಕ್ಕ ಹೊಂಗೆಮರದ ಬುಡದಲ್ಲಿ ತನ್ನ ಪಾತ್ರೆ ಗಂಟುಗಳ ನಡುವೆ ಇನ್ನೊಂದು ಗಂಟಾಗಿ ಕೂತಿದ್ದಾಳೆ, ನೋಡುತ್ತಿದ್ದಾಳೆ, ಅವಳ ಮನೆಯ, ಗಾಲಿ ಮೇಲಿನ ತಗಡಿನ ಡಬ್ಬಿಯ, ಮೂಗು ಕೊಯ್ಯುತ್ತಿದ್ದಾರೆ — ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಕ್ಕೆ ಕತ್ತರಿಸಿ ಬಿತ್ತು, ಆ ಜಾಗಕ್ಕೆ ಕುದುರೆ ನಡುವೆ ನಿಲ್ಲುವಂತೆ ಎರಡು ಉದ್ದನೆಯ ಮರದ ತೋಳು, ರಬ್ಬರಿನ ಚಕ್ರ ಹೋಗಿ ಮೊನ್ನೆಯೇ ಕಟ್ಟಿಗೆಯ ಗಾಲಿ ಬಂದಿತ್ತು, ಚಪ್ಪಟೆ ತಗಡಿನ ಮೇಲೆ ಬಸುರಿಯ ಹೊಟ್ಟೆಯಂಥ ಕಮಾನು, ಮೈತುಂಬ ಕೆಂಪು ಹಸಿರು ಹೂಬಳ್ಳಿ, ಹಲ್ಲುದುರಿದ ಮುದುಕಿಗೆ ಧಾರೆಸೀರೆ ಉಡಿಸಿದಂತೆ, ಜಿಪ್ಸಿ ಗಾಡಿ ಕಣಜ್ಜಿ ಅಂದಿದ್ದ ಮುರುಗೇಶ, ಈ ಹೊಲದ ಸಾವ್ಕಾರ ಹಾಲೇಶಪ್ಪನ ಮಗ, ಮೊಬೈಲನ್ನು ಅವಳ ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದು, ಊರೂರು ಅಲೆಯೋ ಮಂದಿ ಇದ್ರಾಗೇ ಇರ್ತಾರೆ, ಮದ್ವಿಗೆ ಮುಂಚೆ ಗಂಡು ಹೆಣ್ಣು ಇದ್ರಾಗೆ ಕುಂತು ಫೋಟೊ ತೆಗಿಸ್ಕಂತಾರೆ, ನಿಂಗೆ ಇಲ್ಲೇ ಎಲ್ಲಾದ್ರೂ ಒಂದು ಶೀಟಿನ ಗುಡ್ಲು ಹಾಕಿಸ್ಕೊಡ್ತೀನಿ ಬಿಡು — ಅಲೆಯೋರ್ಗೇ ಇಷ್ಟ್ ಚೆಂದದ ಮನೆ ಐತಾ ಸಣ್ಣ ಸಾವ್ಕಾರ್ರೇ, ನಿಂತಲ್ಲೇ ನಿಂತು ನಾವೇ ಕೆಟ್ವಲ್ಲ ಅಂದಿದ್ದಳು ಅವಳು, ಅವನು ನಕ್ಕ, ಅವಳೂ ನಕ್ಕಳು, ನಗಬಾರದಿತ್ತು, ನಕ್ಕಿದ್ದನ್ನೇ ಅವನು ಒಪ್ಪಿಗೆ ಅಂದುಕೊಂಡ.

ಕುದಾಪುರದ ಹುಲ್ಲುಗಾವಲಲ್ಲಿ ದೊಡ್ಡ ದೊಡ್ಡ ಕಟ್ಟಡ ಏಳುವಾಗ ಯಾವನೋ ಇಂಜಿನಿಯರ್ ಮಲಗಲು ತಂದ ಡಬ್ಬಿ, ಅವನು ಹೋದ, ಡಬ್ಬಿ ಉಳಿಯಿತು, ಹಾಲೇಶಪ್ಪ ಅದನ್ನು ಹೊಲಕ್ಕೆ ಎಳೆಸಿ ಕಾವಲಿಗೆ ಅವಳ ಗಂಡ ಬೊಮ್ಮಣ್ಣನನ್ನು ಇಟ್ಟ, ಬೇಸಿಗೆಯಲ್ಲಿ ಒಲೆ ಹಚ್ಚದೆಯೇ ಒಳಗೆ ರೊಟ್ಟಿ ಬೇಯುತ್ತಿತ್ತು, ನಾಲ್ಕು ಹನಿ ಬಿದ್ದರೆ ನೂರು ಉರುಮೆ ಒಟ್ಟಿಗೆ ಬಾರಿಸಿದ ಸದ್ದು, ಆದರೂ ಬಾಗಿಲಿತ್ತು, ಅಗುಳಿ ಇತ್ತು, ಒಳಗಿನಿಂದ ಹಾಕಿಕೊಂಡರೆ ಹಾಲೇಶಪ್ಪನೂ ಹೊರಗಿನವನೇ. ವರ್ಷಗಳ ಹಿಂದೆ ಬೊಮ್ಮಣ್ಣ ಅದರೊಳಗೇ ಸತ್ತ, ಬದುಕಿದ್ದಾಗ ರಾಂಪುರದ ಒಂದು ಬಸ್ಸನ್ನೂ ಹೊತ್ತಿಗೆ ಸರಿಯಾಗಿ ಹಿಡಿಯದವನು ಸಾಯುವಾಗ ಮಾತ್ರ ಕೆಟ್ಟ ನಕ್ಷತ್ರವನ್ನು ಓಡಿಹೋಗಿ ಹಿಡಿದ, ಊರ ಹಿರಿಯ ಜಂಪಣ್ಣ ಬೆರಳು ಮಡಿಚಿ ನೋಡಿ, ಮೂರು ತಿಂಗ್ಳು ಮನೆ ಬಿಡ್ಬೇಕು ದುರುಗಿ, ಬಾಗ್ಲಿಗೆ ಜಾಲಿಮುಳ್ಳು ಬಡೀಬೇಕು ಅಂದ, ಎಲ್ಲಿಗೆ ಹೋಗ್ಲಿ ಮಾವ, ಬಾಯಲ್ಲಿ ಮಾತು ಎಲ್ಲಿಂದ ಹುಟ್ಟಿತೋ, ನೆಲ ಕಚ್ಚಿ ಕುಂತಿದ್ರೆ ಮನೆ, ಇದ್ಕೆ ಗಾಲಿ ಐತಲ್ಲ, ಆಚಿಗೆ ಜಗ್ಗಿದ್ರೆ ದೋಷ ಇದ್ದಲ್ಲೇ ಉಳೀತೈತೆ, ಮನೆ ಈಚಿಗೆ ಬರ್ತೈತೆ ಅಂದಳು, ಜಂಪಣ್ಣ ತಲೆ ಕೆರೆದ, ಸಾವಿನ ಮನೆ ಅನ್ನುವುದನ್ನೂ ಮರೆತು ನಕ್ಕ, ಮಂದಿ ಸೇರಿ ಡಬ್ಬಿಯನ್ನು ಹೊಂಗೆಮರದ ಈ ಕಡೆಗೆ ತಳ್ಳಿದರು, ಬಾಗಿಲಿಗೆ ಬಡಿಯಬೇಕಾದ ಮುಳ್ಳನ್ನು ಖಾಲಿ ನೆಲದ ಮೇಲೆ ಹಾಸಿದರು, ಮೇಕೆ ಕೂಡ ಆ ಕಡೆ ಹೋಗಲಿಲ್ಲ, ಗೆದ್ದೆ ಅಂದುಕೊಂಡಿದ್ದಳು, ನಕ್ಷತ್ರಕ್ಕೇ ಟೋಪಿ ಹಾಕಿದವಳು ಏಳೂರಲ್ಲಿ ತಾನೊಬ್ಬಳೇ.

ಕುದುರೆ ಬಂತು, ಮದುವೆ ಸಾರೋಟು ಎಳೆದು ಸವೆದದ್ದು, ಪಕ್ಕೆಲುಬಿಗೆ ಬಟ್ಟೆ ಒಣಹಾಕಬಹುದು, ಹಿಂದೆಯೇ ಚಳ್ಳಕೆರೆಯಿಂದ ಕಾರು, ಫೋಟೊಗೆ ಗಾಡಿ ಬಾಡಿಗೆ ಹಿಡಿದ ಎಣ್ಣೆ ಮಿಲ್ಲಿನವರ ಹೆಂಡತಿ ಗಂಗಾಂಬಿಕಾ, ಮದುಮಗಳಾಗುವ ಮಗಳು ದೀಪಿಕಾ, ಅಯ್ಯೋ ಮಮ್ಮಿ ಎಷ್ಟು ಕ್ಯೂಟಾಗಿದೆ ಅನ್ನುತ್ತ ಹುಡುಗಿ ಮೆಟ್ಟಿಲ ಮೇಲೆ ಕಾಲಿಟ್ಟಳು, ದುರುಗಕ್ಕ ಈಗ, ಈಗ ಅಂದುಬಿಡಬೇಕು, ನಾಲಿಗೆಯ ಮೇಲೆ ಮೂರು ದಿನದಿಂದ ಕೆಂಡ ಇಟ್ಟುಕೊಂಡಿದ್ದಾಳೆ, ಹುಡುಗಿಯ ಮುಖ ನೋಡಿದರೆ ಪಾಪ, ಪಾಪ ಅಂತ ಮನೆ ಬಿಟ್ಟುಕೊಟ್ಟರೆ ಮಳೆಗಾಲ ಕೇಳುತ್ತದಾ — ಹತ್ತಬ್ಯಾಡವ್ವ, ನನ್ ಗಂಡ ಅದ್ರಾಗೇ ಪ್ರಾಣ ಬಿಟ್ಟಾನೆ, ಕೆಟ್ಟ ನಕ್ಷತ್ರ, ಅಂದೇಬಿಟ್ಟಳು, ಗಂಗಾಂಬಿಕಾ ಮಗಳ ರಟ್ಟೆ ಹಿಡಿದು ಕೆಳಗೆ ಎಳೆದಳು, ಈರೇಶನ ಕೈಯ ಕಿಡಿ ನಿಂತಿತು, ಮುರುಗೇಶ ಮಾತ್ರ ಬೆವರಲೂ ಇಲ್ಲ, ಹೌದಕ್ಕಾರೆ, ಸುಳ್ಳಲ್ಲ, ಆದ್ರೆ ಗಾಲಿ ಇರೋ ಮನೆಗೆ ದೋಷ ಅಂಟಲ್ಲ, ಉರುಳಿದ್ರೆ ನೆಲದ ಮ್ಯಾಲೇ ಉಳೀತೈತೆ, ಹಿರೇರು ಒಪ್ಪಿದ ಮಾತು, ಬೇಕಾರೆ ಈ ಅಜ್ಜೀನೇ ಕೇಳ್ರಿ, ಹೇಳ್ದೋಳು ಇವ್ಳೇ, ಹೌದೇನಜ್ಜಿ ಅಂತ ಗಂಗಾಂಬಿಕಾ ಕೇಳಿದಳು, ಜಗತ್ತಿನ ಮಾತೆಲ್ಲ ಆಡಿದ ಬಾಯಿ, ಇಲ್ಲ ಅನ್ನುವ ಒಂದು ಮಾತು ಹುಟ್ಟಲಿಲ್ಲ, ಇಲ್ಲ ಅಂದರೆ ಇಷ್ಟು ವರ್ಷ ದೋಷದೊಳಗೇ ಉಂಡು ಮಲಗಿದೆ ಅಂತಾಗುತ್ತದೆ, ಬೊಮ್ಮಣ್ಣನನ್ನೂ ಅದರೊಳಗೇ ಕೊಳೆಹಾಕಿದೆ ಅಂತಾಗುತ್ತದೆ, ತಲೆ ತಾನಾಗಿ ಆಡಿತು, ಹೌದು. ಸರಿ ಮತ್ತೆ, ಗಾಲಿಗೆ ನಿಂಬೆಹಣ್ಣು ಇಟ್ಟು ಎಳೀರಿ, ಗಾಡಿ ಬಿಟ್ಟ ಜಾಗಕ್ಕೆ ಮುಳ್ಳು ಹಾಕಿಸ್ರಿ ಅಂದಳು ಗಂಗಾಂಬಿಕಾ, ಕುದುರೆ ಎಳೆಯಿತು, ನಿಂಬೆ ಪಚಕ್ಕೆಂದಿತು, ಮನೆ ಹೊರಟಿತು, ಹೂಬಳ್ಳಿ ಕುಣಿಸುತ್ತ, ಫೋಟೊ ತೆಗೆಯುವ ಸಿದ್ದಾಪುರದ ಬಂಡೆಗಳ ಕಡೆಗೆ, ಶೀಟು ಇಲ್ಲೇ ಹಾಕಿಸ್ತೀನಜ್ಜಿ, ಇದೇ ಜಾಗ್ದಾಗೆ, ನೆಲ ಹೆಂಗೂ ಸಪಾಟು ಐತೆ, ಮುರುಗೇಶ ಹೋಗುತ್ತಲೇ ಕೂಗಿದ, ಅವಳು ಕಾರನ್ನು ನೋಡಲಿಲ್ಲ, ಕುದುರೆಯನ್ನು ನೋಡಲಿಲ್ಲ, ಡಬ್ಬಿ ಎದ್ದುಹೋದ ನೆಲ ನೋಡಿದಳು, ಪಾತ್ರೆ ತೊಳೆದ ನೀರು ತಳದ ಬಿರುಕಿನಿಂದ ತೊಟ್ಟಿಕ್ಕಿದಲ್ಲಿ, ಅವಳ ಕೈಯಿಂದ ಜಾರಿದ ರಾಗಿ, ಮೊಳೆತು, ಬಿಸಿಲೇ ಕಾಣದೆ, ಬೆಳ್ಳಗೆ, ಹುಳುವಿನ ಹಾಗೆ ಬಾಗಿ — ಅದರಲ್ಲಿ ಬೊಮ್ಮಣ್ಣ ಇದ್ದಾಗಿನ ಕಾಳು ಇರಲಾರದು, ಇದ್ದರೂ ಇರಬಹುದು — ಬೆಳ್ಳನೆಯ ರಾಗಿ ಮೊಳಕೆ, ಈರೇಶ ಜಾಲಿ ಎಳೆದು ತರುತ್ತಿದ್ದಾನೆ, ಅದರ ಮೇಲೆ ಹಾಸುತ್ತಾನೆ, ಬೆಳ್ಳನೆಯ ಮೊಳಕೆ, ಮೇಲೆ ಮುಳ್ಳು, ಬೆಳ್ಳನೆಯ…