ಸ್ಕ್ರೂ ಮುಟ್ಟಿದವರು ಯಾರು

ತಮ್ಮನ ಹೆಂಡತಿ ಮಗಳ ಬಾಣಂತನಕ್ಕೆ ಹೊರಟುಹೋದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತಿನ ಸಾಗಾಟವೇ ನಿಂತುಹೋಯಿತು. ಅದುವರೆಗೆ ಇಬ್ಬರ ಮಾತನ್ನೂ ಅವಳೇ ಹೊರುತ್ತಿದ್ದಳು. ಬರೀ ಹೊರುವುದಲ್ಲ, ಆಡಿದವರ ದನಿಯಲ್ಲೇ ತಂದು ಇಳಿಸುತ್ತಿದ್ದಳು. ಅಣ್ಣನ ಮಾತಾದರೆ ಗಲ್ಲವನ್ನು ಎದೆಗೊತ್ತಿ, ಗಂಟಲು ಕೆರೆದು, "ಹ್ಞಾ... ಪೆಟ್ರೋಲೇನು ನಲ್ಲೀಲಿ ಬರುತ್ತಾ ಅಂತ ಕೇಳಮ್ಮ ಅವನ್ನ." ಗಂಡನ ಮಾತಾದರೆ ಎಲ್ಲವೂ ಮೂಗಿನಿಂದ: "ಆ ಜಿಪುಣಂಗೆ ಹೇಳು, ಗಾಡೀನ ಉಪವಾಸ ಕೆಡವಿದ್ರೆ ಅದು ಗೇಯೋದು ಹೆಂಗೆ ಅಂತ."

ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಅಣ್ಣನಿಗೆ ದಿನಕ್ಕೊಮ್ಮೆ ಬರುತ್ತಿದ್ದ ಈ ಬೈಗುಳವೇ ಮನೆಗೆ ಬರುವ ನೆಂಟ.

ಬಸ್ಸಿಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು: "ಭಾವ, ನಾನು ಬರೋವರ್ಗೂ ಇಬ್ರೂ ಕೈಸನ್ನೆ ಕಲ್ತ್ಕೊಳ್ಳಿ. ಕಲ್ಲಿನ ಜೊತೆ ಇದ್ರೆ ಕಲ್ಲಾದ್ರೂ ಒಂದಿನ ಮಾತಾಡುತ್ತೆ, ನೀವಿಬ್ರು ಆಡಲ್ಲ."

ಎರಡು ಮನೆಗಳ ನಡುವೆ ಒಂದು ತಗಡಿನ ಶೆಡ್ಡು. ಅದಕ್ಕೆ ಎರಡು ಬಾಗಿಲು, ಅತ್ತಲೊಂದು ಇತ್ತಲೊಂದು. ಒಳಗೆ ಇಬ್ಬರಿಗೂ ಸೇರಿದ ಒಂದೇ ಒಂದು ಟ್ರ್ಯಾಕ್ಟರು. ಕೆಮ್ಮದೆ ಏಳುತ್ತಿರಲಿಲ್ಲವಾದ್ದರಿಂದ ಮನೆಯವರೆಲ್ಲ ಅದನ್ನು ಮುದುಕಿ ಎನ್ನುತ್ತಿದ್ದರು. ಜಗಳ ಹುಟ್ಟಿದ್ದು ಮುದುಕಿಯ ಕಾರ್ಬುರೇಟರಿನಲ್ಲಿ. ಪೆಟ್ರೋಲು ಎಷ್ಟು, ಗಾಳಿ ಎಷ್ಟು ಎಂದು ಹದ ಮಾಡುವ ಒಂದು ಪುಟ್ಟ ಸ್ಕ್ರೂ ಅದರಲ್ಲಿತ್ತು. ಅಣ್ಣ ಹದ ಮಾಡಿಟ್ಟದ್ದು ಮರುದಿನಕ್ಕೆ ಕೆಟ್ಟಿರುತ್ತಿತ್ತು. ತಮ್ಮ ಹದ ಮಾಡಿಟ್ಟದ್ದೂ ಅಷ್ಟೇ. ಒಂದು ದಿನ ಅಣ್ಣ ಕೇಳಿಯೇಬಿಟ್ಟ:

"ಸ್ಕ್ರೂ ಮುಟ್ಟಿದ್ಯಾ?"

"ಇಲ್ಲ."

"ಮತ್ತೆ, ತಾನಾಗೇ ತಿರುಗ್ತಾ?"

"ನನ್ನ ಕೇಳಿದ್ರೆ? ನೀನೇ ತಿರುಗ್ಸಿ ನನ್ನ ಮೇಲೆ ಹಾಕ್ತಿದ್ದೀಯ."

ನೇರವಾಗಿ ಆಡಿದ ಕೊನೆಯ ಮಾತು ಅದು. ಆಮೇಲೆ ವರ್ಷಗಳು ಉರುಳಿದವು. ಮುದುಕಿ ಮಾತ್ರ ಇಬ್ಬರ ಮನೆಯ ಕೆಲಸವನ್ನೂ ಕೆಮ್ಮುತ್ತಲೇ ಮಾಡಿಕೊಂಡಿತ್ತು. ಈಗ ಅದೂ ಹಟ ಹಿಡಿದು ಕೂತಿತು. ಹ್ಯಾಂಡಲ್ ಎಷ್ಟು ತಿರುಗಿಸಿದರೂ ಏಳಲೊಲ್ಲದು. ಸರದಿ ಅಣ್ಣನದಾದ್ದರಿಂದ ರಿಪೇರಿಯೂ ಅಣ್ಣನದೇ.

ಅವನು ಕಾರ್ಬುರೇಟರನ್ನು ಬಿಚ್ಚಿ ಹಲಗೆಯ ಮೇಲಿಟ್ಟ. ಕೆಳಗಿನ ಬಟ್ಟಲಲ್ಲಿ ಹಳೆಯ ಪೆಟ್ರೋಲು ಅಂಟಾಗಿ, ಕಂದು ಬಣ್ಣಕ್ಕೆ ತಿರುಗಿ ಕೂತಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿದ. ಪೆಟ್ರೋಲು ಚಿಮ್ಮುವ ಜೆಟ್ಟಿನ ಕೂದಲೆಳೆಯಷ್ಟು ತೂತಿಗೆ ತಾಮ್ರದ ತಂತಿಯ ಒಂದೆಳೆ ತೂರಿಸಿದ. ಗಾಳಿಯ ಬಾಗಿಲನ್ನು ಹೊತ್ತ ಕಡ್ಡಿಯನ್ನು ಅಲುಗಾಡಿಸಿ ನೋಡಿದರೆ ಅದು ಮುದಿಹಲ್ಲಿನಂತೆ ಲೊಟಲೊಟ ಆಡುತ್ತಿತ್ತು. ಕೂರುವ ತೂತು ಸವೆದು ಮೊಟ್ಟೆಯಾಕಾರವಾಗಿತ್ತು.

"ನೋಡು, ಸವೆಸಿಟ್ಟಿದ್ದಾನೆ," ಎಂದ ಗಟ್ಟಿಯಾಗಿ. ಶೆಡ್ಡಿನಲ್ಲಿ ಉತ್ತರ ಕೊಡಲು ಯಾರೂ ಇರಲಿಲ್ಲ. ಸ್ವಲ್ಪ ಕಾದು, ಮೂಗು ಹಿಡಿದು ತಾನೇ ಉತ್ತರ ಕೊಟ್ಟುಕೊಂಡ: "ನಾನೊಬ್ನೇನಾ ಓಡ್ಸಿದ್ದು? ನಿನ್ನ ಸರದೀಲಿ ಅದೇನು ನಿದ್ದೆ ಮಾಡ್ತಿತ್ತಾ?"

ತಮ್ಮನ ದನಿ ಅಷ್ಟು ಚೆನ್ನಾಗಿ ಬಂದೀತೆಂದು ಅವನಿಗೇ ಗೊತ್ತಿರಲಿಲ್ಲ. ಖುಷಿಯಾಗಿ ಇನ್ನೆರಡು ಬೈಗುಳ ಬೈಸಿಕೊಂಡ. ಮೂರನೆಯದಕ್ಕೆ ಮನಸ್ಸು ಬರಲಿಲ್ಲ. ಬೈಯುವವನೂ ತಾನೇ, ಬೈಸಿಕೊಳ್ಳುವವನೂ ತಾನೇ ಆದರೆ ಬೈಗುಳಕ್ಕೆ ಉಪ್ಪಿಲ್ಲ, ಖಾರವಿಲ್ಲ.

ಸ್ಕ್ರೂವನ್ನು ವಾಪಸ್ಸು ಹಾಕಿ, ತಲೆಯ ಗೀರಿನ ಸವೆದ ತುದಿ ತನ್ನ ಬಾಗಿಲ ಕಡೆಗೆ ನೆಟ್ಟಗೆ ಬರುವಂತೆ ನಿಲ್ಲಿಸಿದ. ಒಳಗೆ ಉಳಿದ ಕಸ ಉದುರಲೆಂದು ಸ್ಕ್ರೂಡ್ರೈವರಿನ ಹಿಡಿಯಿಂದ ಕಾರ್ಬುರೇಟರಿನ ಮೈ ಕುಟ್ಟಿದ. ಟಕ್ ಟಕ್ ಟಕ್. ಕಣ್ಣು ಗೀರಿನ ಮೇಲೆ ಬಿತ್ತು. ಗೀರು ಬಾಗಿಲು ಬಿಟ್ಟು ಕಿಟಕಿ ನೋಡುತ್ತಿತ್ತು.

ಮತ್ತೆ ನೆಟ್ಟಗೆ ಮಾಡಿದ. ಮತ್ತೆ ಕುಟ್ಟಿದ. ಸ್ಕ್ರೂ ಯಾರ ಹಂಗೂ ಇಲ್ಲದೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ, ಮೆಲ್ಲಗೆ ತಿರುಗಿತು.

ಬಿಚ್ಚಿ ನೋಡಿದ. ಸ್ಕ್ರೂ ಅಲುಗದಂತೆ ಒತ್ತಿ ಹಿಡಿಯಬೇಕಾದ ಸ್ಪ್ರಿಂಗು, ಅಕ್ಕಿಕಾಳಿನಷ್ಟು ಉದ್ದದ್ದು, ಕಸುವು ಕಳೆದುಕೊಂಡು ಚಪ್ಪಟೆಯಾಗಿತ್ತು. ಎಂಜಿನ್ನು ನಡುಗಿದಾಗೆಲ್ಲ ಸ್ಕ್ರೂ ತಾನಾಗೇ ತಿರುಗಿತ್ತು. ಅವನೂ ಮುಟ್ಟಿರಲಿಲ್ಲ, ಇವನೂ ಮುಟ್ಟಿರಲಿಲ್ಲ. ಇಷ್ಟು ವರ್ಷ ಇಬ್ಬರೂ ಗಾಳಿ ಗುದ್ದಿ ಮೈ ನೋಯಿಸಿಕೊಂಡಿದ್ದರು.

ಅಣ್ಣ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತುಬಿಟ್ಟ. ಇದನ್ನು ಹೇಳಬೇಕು. ಆದರೆ ಹೇಳಿ ಕಳಿಸಲು ಅವಳಿಲ್ಲ. ಎದ್ದು ತಮ್ಮನ ಕಡೆಯ ಬಾಗಿಲ ತನಕ ಹೋದ. ಆಚೆ ತಟ್ಟೆಯ ಸದ್ದು ಕೇಳಿತು, ಒಂದೇ ತಟ್ಟೆ. ಅವನೂ ಈಗ ಒಬ್ಬನೇ ಉಣ್ಣುತ್ತಿದ್ದಾನೆ. ಗಂಟಲು ಕೆರೆದ. ಅಂಟು ಹಿಡಿದ ಜೆಟ್ಟಿನಂತೆ ಅದು ಕಟ್ಟಿಕೊಂಡಿತ್ತು, ಅದಕ್ಕೆ ತೂರಿಸುವ ತಂತಿ ಅವನಲ್ಲಿರಲಿಲ್ಲ. ತಿರುಗಿ ಬಂದ.

ಮರುದಿನ ಪೇಟೆಯ ಲೇತ್ ಅಂಗಡಿಯವನು ಕಾರ್ಬುರೇಟರನ್ನು ಬೆಳಕಿಗೆ ಹಿಡಿದು ನಕ್ಕ. "ಯಜಮಾನ್ರೇ, ಇದು ಕಾರ್ಬುರೇಟರ್ರೋ ಕೊಳಲೋ? ಎಲ್ಲಾ ಕಡೆ ಗಾಳಿ ಹೋಗ್ತಿದೆ, ಊದಿದ್ರೆ ರಾಗ ಬರುತ್ತೆ." ಆದರೂ ಸವೆದ ತೂತಿಗೆ ಹಿತ್ತಾಳೆಯ ಬುಷ್ ಕೂರಿಸಿಕೊಟ್ಟ, ಡಬ್ಬಿ ಕೆದಕಿ ಗಟ್ಟಿ ಸ್ಪ್ರಿಂಗೊಂದನ್ನೂ ಹುಡುಕಿಕೊಟ್ಟ. ಹಳೆಯದನ್ನು ಎಸೆಯಹೋದಾಗ ಅಣ್ಣ ಅವನ ಕೈ ಹಿಡಿದ. "ಅದು ಇರ್ಲಿ. ಅದು ಸಾಕ್ಷಿ."

ಮನೆಗೆ ಬಂದು ಎಲ್ಲ ಜೋಡಿಸಿದ, ಗೀರಿನ ಸವೆದ ತುದಿಯನ್ನು ಮತ್ತೆ ತನ್ನ ಬಾಗಿಲ ಕಡೆಗೆ ನಿಲ್ಲಿಸಿದ. ಆದರೆ ಮುದುಕಿಯನ್ನು ಎಬ್ಬಿಸಲು ಇಬ್ಬರು ಬೇಕು. ಮುಂದೆ ಹ್ಯಾಂಡಲ್ ತಿರುಗಿಸಲು ಒಬ್ಬ, ಪಕ್ಕದಲ್ಲಿ ಚೋಕ್ ಹಿಡಿಯಲು ಒಬ್ಬ. ಇಷ್ಟು ದಿನ ಚೋಕ್ ಹಿಡಿಯುತ್ತಿದ್ದವಳು ತಮ್ಮನ ಹೆಂಡತಿಯೇ. ಅಣ್ಣ ತಿರುಗಿಸಿ, ಓಡಿ, ಚೋಕ್ ಮುಟ್ಟುವಷ್ಟರಲ್ಲಿ ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಮತ್ತೆ ತಿರುಗಿಸಿದ, ಮತ್ತೆ ಓಡಿದ. ತನ್ನೊಂದಿಗೇ ಕಣ್ಣಾಮುಚ್ಚಾಲೆ ಆಡುವವನಂತೆ ಟ್ರ್ಯಾಕ್ಟರನ್ನು ಸುತ್ತಿ ಸುತ್ತಿ ಉಸಿರು ಕಟ್ಟಿತು.

ಆಚೆ ಬಾಗಿಲ ಚಿಲಕ ಸರಿಯಿತು. ತಮ್ಮ ಒಳಗೆ ಬಂದ. ಅಣ್ಣನನ್ನು ನೋಡದೆ ಚೋಕಿನ ಮೇಲೆ ಕೈಯಿಟ್ಟ.

"ಮುದುಕಿ," ಎಂದ ಟ್ರ್ಯಾಕ್ಟರಿಗೆ, "ಹ್ಯಾಂಡಲ್ ಹಿಡಿದವ್ರಿಗೆ ಹೇಳು, ಹೆಬ್ಬೆರಳು ಸುತ್ತಬಾರ್ದು ಅಂತ. ಅದು ಹಿಂದಕ್ಕೆ ಒದ್ರೆ ಮುರಿಯುತ್ತೆ."

ಅದೇ ಮೂಗಿನ ದನಿ. ಆದರೆ ಅವಳು ತರುತ್ತಿದ್ದ ದನಿಗೆ ವಯಸ್ಸಾಗಿರಲಿಲ್ಲ, ಇದಕ್ಕೆ ಆಗಿತ್ತು.

"ನಂಗೊತ್ತು ಅಂತ ಹೇಳು," ಎಂದ ಅಣ್ಣ, ಹೆಬ್ಬೆರಳು ಬಿಡಿಸಿಕೊಳ್ಳುತ್ತಾ.

ಮುದುಕಿ ಎದ್ದಳು. ಕೆಮ್ಮಲಿಲ್ಲ, ತಡವರಿಸಲಿಲ್ಲ. ಅಣ್ಣ ಜೇಬಿನಿಂದ ಹಳೆಯ ಸ್ಪ್ರಿಂಗು ತೆಗೆದು ತಮ್ಮನ ಅಂಗೈಯಲ್ಲಿಟ್ಟ. ಕಣ್ಣು ಟ್ರ್ಯಾಕ್ಟರಿನ ಮೇಲೇ ಇತ್ತು. "ಮುದುಕಿ, ಇವನಿಗೆ ಹೇಳು. ಸ್ಪ್ರಿಂಗು ಸತ್ತಿತ್ತು. ಸ್ಕ್ರೂ ತಾನಾಗೇ ತಿರುಗ್ತಿತ್ತು. ಯಾರೂ ಮುಟ್ಟಿರ್ಲಿಲ್ಲ."

ತಮ್ಮ ಸ್ಪ್ರಿಂಗನ್ನು ಬೆರಳಲ್ಲಿ ಹೊರಳಿಸಿದ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, ಬಂದ ಬಾಗಿಲಿಂದಲೇ ಹೋಗಿ ಚಿಲಕ ಹಾಕಿಕೊಂಡ.

ಅಷ್ಟೇ. ಅಣ್ಣ ಎಂಜಿನ್ನು ನಿಲ್ಲಿಸಿದ. ಕೈ ತೊಳೆದ, ಅನ್ನಕ್ಕಿಟ್ಟ, ಒಬ್ಬನೇ ಉಂಡ. ಜಗಳವಿದ್ದಾಗ ಕಾರಣವೊಂದಾದರೂ ಜೊತೆಗಿತ್ತು. ಈಗ ಅದೂ ಎದ್ದು ಹೋಗಿತ್ತು. ಮೂಗು ಹಿಡಿದು ಬೈಸಿಕೊಳ್ಳೋಣವೆಂದರೆ ಬೈಗುಳಕ್ಕೆ ವಿಷಯವೇ ಇರಲಿಲ್ಲ.

ಬೆಳಿಗ್ಗೆ ಶೆಡ್ಡಿಗೆ ಹೋದ. ಕಣ್ಣು ಅಭ್ಯಾಸಬಲದಿಂದ ಸ್ಕ್ರೂವಿನ ಮೇಲೆ ಹೋಯಿತು. ತನ್ನ ಬಾಗಿಲ ಕಡೆಗೆ ನೆಟ್ಟಗೆ ನಿಲ್ಲಿಸಿದ್ದ ಸವೆದ ತುದಿ ಈಗ ತಮ್ಮನ ಬಾಗಿಲ ಕಡೆಗೆ ನೆಟ್ಟಗೆ ನಿಂತಿತ್ತು.

ಅಣ್ಣ ಬಗ್ಗಿ ಸ್ಪ್ರಿಂಗನ್ನು ಉಗುರಿನಿಂದ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಹಿಡಿಯಿಂದ ಕುಟ್ಟಿ ನೋಡಿದ. ಗೀರು ಕದಲಲಿಲ್ಲ. ಇನ್ನೂ ಜೋರಾಗಿ ಕುಟ್ಟಿದ. ಊಹ್ಞೂಂ, ಇದು ತಾನಾಗಿ ತಿರುಗುವ ಸ್ಕ್ರೂವೇ ಅಲ್ಲ.

ಗಂಟಲು ಕೆರೆಯಲು ಅವನು ಕಾಯಲಿಲ್ಲ.

"ಲೋ! ಸ್ಕ್ರೂ ಮುಟ್ಟಿದ್ಯಾ?"

ಬಾಗಿಲಾಚೆ ತಟ್ಟೆ ಕೆಳಗಿಟ್ಟ ಸದ್ದು. ಆಮೇಲೆ ಮೂಗಿನಿಂದ, ತಯಾರಾಗೇ ಕೂತಿದ್ದವನಂತೆ:

"ಹ್ಞೂಂ, ಮುಟ್ಟಿದೆ. ಏನೀಗ?"

"ಏನೀಗಾನಾ? ಪೆಟ್ರೋಲೇನು ನಲ್ಲೀಲಿ ಬರುತ್ತಾ?"

"ನಿನ್ ಹದಕ್ಕೆ ಅದು ಹೊಲದ ತನಕಾನೂ ಹೋಗಲ್ಲಣ್ಣ."

ಅಣ್ಣ ಹ್ಯಾಂಡಲ್ ಎತ್ತಿಕೊಂಡ, ಹೆಬ್ಬೆರಳನ್ನು ಹೊರಗಿಟ್ಟು ಹಿಡಿದ. "ಬಾಗಿಲ ಹಿಂದೆ ನಿಂತ್ಕೊಂಡು ವಾದ ಮಾಡ್ಬೇಡ. ಬಂದು ಚೋಕ್ ಹಿಡಿ."

ಚಿಲಕ ಸರಿಯಿತು.