ಗಟ್ಟಿಗಿತ್ತಿ ಅಳಬೇಕಂತೆ

"ಈ ಸಲ ಅವಳು ಸ್ವಲ್ಪ ಅಳಲಿ ಮೇಡಂ," ಅಂದ ಪ್ರಕಾಶನದ ಹೊಸ ಸಂಪಾದಕ.

ಅವಳು ಅಂದರೆ ಗಟ್ಟಿಗಿತ್ತಿ. ಲೇಖಕಿಯ ಪತ್ತೇದಾರಿ ಕಾದಂಬರಿಗಳ ನಾಯಕಿ. ವರ್ಷಕ್ಕೊಂದರಂತೆ ಬರುತ್ತಿದ್ದ ಆ ಪುಸ್ತಕಗಳಲ್ಲಿ ಅವಳು ಬಾಗಿಲು ಒದ್ದು ಒಳಗೆ ನುಗ್ಗಿದ್ದಾಳೆ, ಓಡುವ ಲಾರಿಯಿಂದ ಹಾರಿದ್ದಾಳೆ, ತನ್ನ ಎರಡರಷ್ಟಿದ್ದ ಗಂಡಸರನ್ನು ಮಣ್ಣುಮುಕ್ಕಿಸಿ ಅವರದೇ ಕರವಸ್ತ್ರದಲ್ಲಿ ಕೈ ಒರೆಸಿಕೊಂಡಿದ್ದಾಳೆ. ಅಳುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ.

"ಯಾಕಪ್ಪಾ ಅಳಬೇಕು?"

"ಜನಕ್ಕೆ ಈಗ ನಿಜವಾದ ಹೆಂಗಸು ಬೇಕು. ನಿಮ್ಮವಳಿಗೆ ಹೆದರಿಕೆ ಇಲ್ಲ, ನೆಗಡಿ ಕೂಡ ಆಗಲ್ಲ. ನಿಜವಾದ ಲೇಡಿ ಡಿಟೆಕ್ಟಿವ್ ಹಾಗಿರ್ತಾರಾ? ನೀವು ಯಾರನ್ನಾದ್ರೂ ನೋಡಿದ್ದೀರಾ?"

ನೋಡಿರಲಿಲ್ಲ. ಚುಚ್ಚಿದ್ದು ಅದೇ. ಮನೆಗೆ ಹೋದವಳೇ ಅವರಿವರನ್ನು ವಿಚಾರಿಸಿ ಒಬ್ಬಾಕೆಯ ವಿಳಾಸ ಹಿಡಿದಳು.

ಕನ್ನಡಕದಂಗಡಿಯ ಮೇಲಿನ ಒಂದೇ ಕೋಣೆ. ಮೇಜು, ಎರಡು ಕುರ್ಚಿ, ತಿರುಗುವಾಗೆಲ್ಲ ನರಳುವ ಫ್ಯಾನು. ಮೇಜಿನ ಹಿಂದೆ ಗುಂಡುಗುಂಡಗಿನ ಹೆಂಗಸೊಬ್ಬಳು ಮೊಣಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದಳು. ಹತ್ತಿರದ ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಟೀಚರಮ್ಮನಂತೆ ಕಾಣುತ್ತಿದ್ದಳು.

"ಡಿಟೆಕ್ಟಿವ್ ಇದ್ದಾರಾ?" ಲೇಖಕಿ ಕೇಳಿದಳು.

"ಇದ್ದಾರೆ. ಎದ್ದು ನಿಲ್ಲೋಕೆ ಆಗ್ತಿಲ್ಲ ಅಷ್ಟೆ. ಕೂತ್ಕೊಳ್ಳಿ."

ಲೇಖಕಿ ತಾನು ಬಂದ ಕೆಲಸ ಹೇಳಿದಳು. ಕಥೆ ಬರೀತೀನಿ, ನಿಮ್ಮ ಜೊತೆ ಒಂದು ದಿನ ಇರಬೇಕು, ಹೇಗೆ ಕೆಲಸ ಮಾಡ್ತೀರ ಅಂತ ನೋಡಬೇಕು. ಯಾವ ಕಥೆ ಅಂತ ಬಾಯಿ ಬಿಡಲಿಲ್ಲ. ಪತ್ತೇದಾರ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿ ತುಟಿಯಂಚಲ್ಲಿ ನಕ್ಕಳು.

"ನಾಳೆ ಬೆಳಿಗ್ಗೆ ಬನ್ನಿ. ನೀರು ಜಾಸ್ತಿ ಕುಡೀಬೇಡಿ."

ಆ ಮಾತಿನ ಅರ್ಥ ಮಾರನೆಯ ದಿನ ಆಯಿತು. ಪುಟ್ಟ ಕಾರಿನಲ್ಲಿ ಕೂತು, ಒಂದು ಮುಚ್ಚಿದ ಶೆಡ್ಡಿನ ಬಾಗಿಲನ್ನು ನೋಡುತ್ತಾ ಬೆಳಗೆಲ್ಲ ಕಳೆಯಿತು. ಹತ್ತಿರದಲ್ಲೆಲ್ಲೂ ಶೌಚಾಲಯವಿರಲಿಲ್ಲ. ಹಿಂದಿನ ಸೀಟಿನಲ್ಲಿ ಆ ಕೇಸಿನ ಕಕ್ಷಿದಾರಳೂ ಇದ್ದಳು. ಬಟ್ಟೆಗೆ ಕಸೂತಿ ಹಾಕಿಕೊಡುವ ದರ್ಜಿ. ಗಂಡ ತೀರಿಕೊಂಡ ಮೇಲೆ ಅವನ ತಮ್ಮ ಬಂದು, "ಅತ್ತಿಗೆ, ಮಷೀನು ಸವೆದಿದೆ, ರಿಪೇರಿ ಮಾಡಿಸ್ಕೊಂಡು ಬರ್ತೀನಿ" ಅಂತ ಅವಳ ಎಂಬ್ರಾಯ್ಡರಿ ಮಷೀನನ್ನು ಹೊತ್ತುಕೊಂಡು ಹೋಗಿದ್ದ. ಆಮೇಲೆ ಕೇಳಿದಾಗೆಲ್ಲ ನಾಳೆ, ನಾಡಿದ್ದು. ಕೊನೆಗೆ, "ಯಾವ ಮಷೀನು?" ಠಾಣೆಗೆ ಹೋದರೆ, ಮನೆ ವಿಷಯ, ಮನೆಯಲ್ಲೇ ಬಗೆಹರಿಸಿಕೊಳ್ಳಿ ಅಂದರು.

"ನಂದೇ ತಪ್ಪು ಅಕ್ಕ," ಅಂದಳು ದರ್ಜಿ. "ಅವತ್ತೇ ಬೇಡ ಅನ್ನಬೇಕಿತ್ತು. ನಂಗೆ ಜೋರು ಮಾಡಿ ಗೊತ್ತಿಲ್ಲ."

"ಮಷೀನು ಈ ಶೆಡ್ಡಲ್ಲೇ ಇದೆ, ಇವತ್ತು ಸಾಗಿಸ್ತಾನೆ," ಪತ್ತೇದಾರ್ತಿ ಹೇಳಿದಳು. "ಫೋಟೋ ತೆಗೆದು ನಿಮ್ಮ ಕೈಗೆ ಕೊಟ್ರೆ ನನ್ನ ಕೆಲಸ ಮುಗೀತು. ಮುಂದಿಂದು ವಕೀಲರು ನೋಡ್ಕೊತಾರೆ."

ಗಟ್ಟಿಗಿತ್ತಿಯಾದರೆ ಇಷ್ಟು ಹೊತ್ತಿಗೆ ಶೆಡ್ಡಿನ ತಗಡು ಕಿತ್ತಿರುತ್ತಿದ್ದಳು ಅಂದುಕೊಂಡಳು ಲೇಖಕಿ. ಸಂಪಾದಕ ಹೇಳಿದ್ದು ಸರಿ. ನಿಜವಾದ ಪತ್ತೇದಾರಿಕೆ ಅಂದರೆ ಮೊಣಕಾಲು ನೋವು, ಬೆವರು, ಫೋಟೋ.

ಊಟದ ಹೊತ್ತಿಗೆ ಟೆಂಪೋ ಬಂತು. ಮೈದುನ ಶೆಡ್ಡು ತೆರೆದ. ಡ್ರೈವರೂ ಅವನೂ ಸೇರಿ ಹೊದಿಕೆ ಸುತ್ತಿದ ಭಾರದ ಮಷೀನನ್ನು ಅದರ ಮೇಜಿನ ಸಮೇತ ಅಂಗಳಕ್ಕೆ ತಂದಿಟ್ಟು ಏದುಸಿರು ಬಿಡತೊಡಗಿದರು. ಪತ್ತೇದಾರ್ತಿ ಫೋಟೋ ತೆಗೆದಳು. ಕೆಲಸ ಮುಗಿಯಿತು.

ಆದರೆ ಹಿಂದಕ್ಕೆ ತಿರುಗಿ ನೋಡಿದರೆ ದರ್ಜಿ ಮುಖಕ್ಕೆ ಸೆರಗು ಒತ್ತಿಕೊಂಡಿದ್ದಳು.

ಪತ್ತೇದಾರ್ತಿ ಕ್ಯಾಮೆರಾವನ್ನು ಲೇಖಕಿಯ ತೊಡೆಯ ಮೇಲೆ ಹಾಕಿ, "ಥತ್," ಅಂದು ಕಾರಿನ ಬಾಗಿಲು ತೆರೆದಳು. ಕುಂಟುತ್ತಾ ರಸ್ತೆ ದಾಟಿದಳು. ಮೈದುನ "ಯಾರ್ರೀ ನೀವು?" ಅನ್ನುವಷ್ಟರಲ್ಲಿ ಮಷೀನಿನ ಮೇಜಿನ ಹಲಗೆಯ ಮೇಲೆ ಕೂತೇಬಿಟ್ಟಳು.

"ಏಳ್ರೀ ಮೇಲೆ!"

"ಕಾಲು ನೋವಪ್ಪಾ. ಒಂದ್ಸಲ ಕೂತ್ರೆ ನಂಗೆ ಏಳೋಕಾಗಲ್ಲ. ಡಾಕ್ಟ್ರೂ ಬೇಡ ಅಂದಿದ್ದಾರೆ."

"ಇದು ನನ್ನ ಮಷೀನು!"

"ಹೌದಾ? ಹಾಗಾದ್ರೆ ಇದಕ್ಕೆ ದಾರ ಪೋಣಿಸಿ ತೋರಿಸು ನೋಡೋಣ."

ಮೈದುನನ ಮುಖ ಇಂಗು ತಿಂದ ಮಂಗನಂತಾಯಿತು. ಅವನು ಡ್ರೈವರನ ಕಡೆ ತಿರುಗಿ, "ಏನ್ ನೋಡ್ತಿದ್ದೀಯ, ಎತ್ತು!" ಅಂದ.

"ಅಮ್ಮನ ಸಮೇತ ಎತ್ತೋಕೆ ನನ್ನ ಕೈಲಾಗಲ್ಲ ಸಾರ್," ಅಂದ ಡ್ರೈವರು, ಬೀಡಿ ಹಚ್ಚುತ್ತಾ.

ಲೇಖಕಿ ಕಾರಿನಲ್ಲೇ ಕೂತಿದ್ದಳು. ಹೊಡೆದಾಟಗಳನ್ನು ಪುಟಗಟ್ಟಲೆ ಬರೆದವಳು ಈಗ ಕಿಟಕಿಯ ಗಾಜು ಏರಿಸಿಕೊಂಡಳು. ಅಂಗಳದಲ್ಲಿ ಮೈದುನ ಪತ್ತೇದಾರ್ತಿಯ ಹತ್ತಿರಕ್ಕೆ ಹೋಗಿ ಕೈ ಎತ್ತಿದ. ಲೇಖಕಿಗೆ ತಾನು ಯಾವಾಗ ಕೆಳಗಿಳಿದೆ ಅಂತಲೇ ಗೊತ್ತಾಗಲಿಲ್ಲ. ಅವನ ಮುಂದೆ ನಿಂತಿದ್ದಳು, ಕ್ಯಾಮೆರಾ ಎದೆಗವಚಿಕೊಂಡು. ಏನಾದರೂ ಖಡಕ್ಕಾಗಿ ಹೇಳಬೇಕು. ಗಟ್ಟಿಗಿತ್ತಿಯ ಬಾಯಲ್ಲಿ ಅಂಥ ನೂರಾರು ಮಾತು ಹಾಕಿದ್ದಳು. ಒಂದೂ ನೆನಪಾಗಲಿಲ್ಲ.

"ಹೊಡೀರಿ," ಅಂದಳು ಕೀರಲು ದನಿಯಲ್ಲಿ. "ಫೋಟೋ ಚೆನ್ನಾಗಿ ಬರತ್ತೆ."

ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು. ಮೈದುನ ಕೈ ಇಳಿಸಿದ. ಆಗಲೇ ಹಿಂದಿನಿಂದ ದರ್ಜಿ ನಡೆದು ಬಂದಳು. ಮುಖ ಒದ್ದೆಯಾಗಿತ್ತು, ದನಿ ಒಣಗಿತ್ತು.

"ಡ್ರೈವರಣ್ಣಾ, ಮಷೀನು ನನ್ನ ಅಂಗಡಿಗೆ ಹೋಗ್ಬೇಕು. ನಾನು ಮುಂದೆ ಕೂತು ದಾರಿ ತೋರಿಸ್ತೀನಿ. ಮೈದುನಾ, ನೀನು ಆ ಕಡೆಯಿಂದ ಹಿಡಿ. ನಿಧಾನ, ಸೂಜಿ ಮುರಿದ್ರೆ ನಿನ್ನ ಗ್ರಹಚಾರ."

"ಅತ್ತಿಗೆ, ಅದು..."

"ಹಿಡಿ ಅಂದೆ."

ಇಡೀ ಬೀದಿ ನೋಡುತ್ತಿರುವಾಗ ಮೈದುನ ಬಗ್ಗಿ ಹಿಡಿದ. ಪತ್ತೇದಾರ್ತಿಯನ್ನು ಏಳಿಸುವುದಕ್ಕೆ ಮಾತ್ರ ಇಬ್ಬರು ಬೇಕಾದರು. ಏಳೋಕಾಗಲ್ಲ ಅಂದದ್ದು ಸುಳ್ಳಾಗಿರಲಿಲ್ಲ.

ಸಂಜೆ ಕನ್ನಡಕದಂಗಡಿಯ ಮೇಲೆ ಇಬ್ಬರೂ ಚಹಾ ಕುಡಿಯುತ್ತಾ ಕೂತರು. ಲೇಖಕಿ ಎಲ್ಲವನ್ನೂ ಹೇಳಿಬಿಟ್ಟಳು. ಸಂಪಾದಕ, ಅಳು, ನೆಗಡಿ, ಗಟ್ಟಿಗಿತ್ತಿ.

"ನೀವು ಬಾಗಿಲು ತಟ್ಟಿದಾಗಲೇ ಗೊತ್ತಾಯ್ತು," ಅಂದಳು ಪತ್ತೇದಾರ್ತಿ. "ಪುಸ್ತಕದ ಹಿಂದೆ ನಿಮ್ಮ ಫೋಟೋ ಇದೆಯಲ್ಲ."

"ನೀವು ಓದಿದ್ದೀರಾ?"

"ಒಂದೂ ಬಿಟ್ಟಿಲ್ಲ."

"ಓದಿ ನಗು ಬರಲಿಲ್ವಾ? ನಿಮ್ಮ ಕೆಲಸಕ್ಕೂ ಅದಕ್ಕೂ ಎತ್ತಣಿಂದೆತ್ತಣ ಸಂಬಂಧ?"

ಪತ್ತೇದಾರ್ತಿ ಬಿಸಿನೀರಿನ ಚೀಲವನ್ನು ಮೊಣಕಾಲಿನ ಮೇಲೆ ಸರಿ ಮಾಡಿಕೊಂಡಳು.

"ನೋಡ್ರೀ, ದಿನವಿಡೀ ನಾನು ನನ್ನ ಥರಾನೇ ಇರ್ತೀನಿ. ಎಲ್ಲರ ಹತ್ರ ಸಮಾಧಾನ, ಎಲ್ಲದಕ್ಕೂ 'ಆಯ್ತು ಸಾರ್'. ಮನೆಗೆ ಹೋಗಿ ಪುಸ್ತಕ ತೆಗೆದ್ರೆ ಅಲ್ಲೂ ನನ್ನಂಥವಳೇ ಯಾಕೆ ಬೇಕು? ಅಳೋದು ನಂಗೆ ಬರತ್ತೆ, ಅದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಆ ಲಾರಿಯಿಂದ ಹಾರ್ತಾಳಲ್ಲ, ಅವತ್ತು ರಾತ್ರಿ ನಾನು ಮಲಗಿದ್ದು ಎಂಥ ಖುಷಿಯಲ್ಲಿ ಗೊತ್ತಾ? ನಾನು ಹಾರಲ್ಲ. ನಂಗೆ ಒದೆಯೋಕೂ ಬರಲ್ಲ. ಆದ್ರೆ ಇವತ್ತು ಆ ಹೆಂಗಸಿನ ಮುಖ ನೋಡಿದಾಗ ನಿಮ್ಮ ಗಟ್ಟಿಗಿತ್ತಿಯಾದ್ರೆ ಸುಮ್ನೆ ಕೂತಿರ್ತಿದ್ಲಾ ಅನ್ನಿಸ್ತು. ನನ್ನ ಕೈಲಾಗಿದ್ದು ಕೂರೋದು. ಕೂತೆ."

ಲೇಖಕಿ ಚಹಾ ಬಿಸಿ ಅನ್ನುವ ನೆಪದಲ್ಲಿ ಮುಖ ತಿರುಗಿಸಿದಳು.

ಹೊಸ ಕಾದಂಬರಿಯಲ್ಲಿ ಗಟ್ಟಿಗಿತ್ತಿ ಸೇತುವೆಯ ಮೇಲಿಂದ ನದಿಗೆ ಧುಮುಕಿದಳು, ಕಳ್ಳರ ದೋಣಿಯನ್ನೇ ಕದ್ದಳು, ಕೊನೆಯ ಪುಟದವರೆಗೂ ಒಣಕಣ್ಣಲ್ಲೇ ಇದ್ದಳು. ಹಸ್ತಪ್ರತಿ ಓದಿದ ಸಂಪಾದಕ ಫೋನ್ ಮಾಡಿದ. ಬಸ್ಸಿನಲ್ಲಿ ಓದುತ್ತಾ ಇಳಿಯುವ ನಿಲ್ದಾಣ ದಾಟಿ ಊರಾಚೆ ಹೋಗಿಬಿಟ್ಟಿದ್ದನಂತೆ. "ಅದಿರಲಿ, ಅಳು ಎಲ್ಲಿ ಮೇಡಂ?" ಅಂತ ಗೊಣಗಿದ. "ಅಳೋಕೆ ಬೇರೆಯವರಿದ್ದಾರೆ ಬಿಡಪ್ಪ," ಅಂದಳು ಲೇಖಕಿ.

ಮೊದಲ ಪ್ರತಿ ದರ್ಜಿಯ ಅಂಗಡಿಗೆ ಹೋಯಿತು. ಅವಳಿಗೆ ಕೂತು ಓದಲು ಬಿಡುವಿಲ್ಲ, ಅಷ್ಟು ಕೆಲಸ ಬಂದು ಬಿದ್ದಿದೆ. ಅದಕ್ಕೆ ಪತ್ತೇದಾರ್ತಿ ಕೇಸಿಲ್ಲದ ಮಧ್ಯಾಹ್ನಗಳಲ್ಲಿ ಅಲ್ಲಿ ಸ್ಟೂಲು ಹಾಕಿಕೊಂಡು, ಮಷೀನಿನ ಗದ್ದಲದ ಮೇಲೆ ದನಿಯೇರಿಸಿ ಓದಿ ಹೇಳುತ್ತಾಳೆ. ದರ್ಜಿ ಬಟ್ಟೆ ಸರಿಸುತ್ತಾ ಹೂಂಗುಟ್ಟುತ್ತಾಳೆ. ಗಟ್ಟಿಗಿತ್ತಿ ಸೇತುವೆಯ ಅಂಚಿಗೆ ಬಂದ ಪುಟದಲ್ಲಿ ಮಾತ್ರ ಮಷೀನು ಗಕ್ಕನೆ ನಿಂತಿತು.

"ಅಕ್ಕ, ಅಲ್ಲೇ ನಿಲ್ಲಿಸಬೇಡ," ಅಂದಳು ದರ್ಜಿ. "ಹಾರಿಸು ಅವಳನ್ನ."