ಎಬ್ಬಿಸಬೇಡಿ

ಕೈಯಲ್ಲಿ ಕತ್ತರಿ ಹಿಡಿದೇ ದೊಡ್ಡಮ್ಮ ಮಂಚದ ಕೆಳಗೆ ಬಗ್ಗಿದಳು. ಮೊಣಕಾಲು ಲಟಕ್ಕೆಂದಿತು.

"ಬಾರೇ ಗುಬ್ಬಿ, ಎರಡೇ ನಿಮಿಷ. ಜನ ಬರೋಕೆ ಶುರು ಮಾಡಿದ್ದಾರೆ. ಈ ಅವತಾರದಲ್ಲಿ ಹೊರಗೆ ಬರ್ತೀಯಾ?"

ಗುಬ್ಬಿ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಅವತಾರ ಅಂದದ್ದೇನೂ ಸುಳ್ಳಲ್ಲ. ಎಡಗಡೆ ಕೂದಲು ಕಿವಿಯ ಕೆಳಗೆ ಗೆರೆ ಎಳೆದ ಹಾಗೆ ನಿಂತಿತ್ತು; ಬಲಗಡೆ ಭುಜ ದಾಟಿ ಇಳಿದಿತ್ತು. ಅಮ್ಮ ಯಾವತ್ತೂ ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆಗೆ ಕೈ ಹಾಕುವವಳು. ಈ ಸಲ ಇನ್ನೊಂದು ಕಡೆಗೆ ಅವಳು ಬರಲೇ ಇಲ್ಲ.

"ಬೇಡ ಅಂದ್ರೆ ಬೇಡ."

"ನಿಮ್ಮಮ್ಮ ಇಡೀ ಬೀದಿಗೆ ಕೂದಲು ಕತ್ತರಿಸಿದವಳು. ಅವಳ ಮಗಳೇ ಹೀಗೆ ನಿಂತ್ರೆ ನೋಡಿದವರು ಏನಂತಾರೆ?"

"ಏನಾದ್ರೂ ಅಂದ್ಕೊಳ್ಳಲಿ."

"ಹಠದಲ್ಲಿ ಥೇಟ್ ಅವಳೇ," ಎಂದಳು ದೊಡ್ಡಮ್ಮ. ತಂಗಿ ಹೋಗಿ ಇನ್ನೂ ಒಂದು ದಿನವಾಗಿಲ್ಲ. ಅಳಲಿಕ್ಕೂ ಪುರುಸೊತ್ತು ಕೊಡದೆ ಜನ ಕುರ್ಚಿ ಎಲ್ಲಿ, ಹೂವು ಎಲ್ಲಿಡೋಣ ಎಂದು ಕೇಳುತ್ತಿದ್ದರು. ಅವಳು ಕತ್ತರಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೇ ಕೂತುಬಿಟ್ಟಳು.

ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅದರಾಚೆ, ಬೀದಿಯ ಕಡೆಗೆ, ಅವಳ ಪಾರ್ಲರು. ಬಂದವರೆಲ್ಲ ಪಾರ್ಲರನ್ನು ದಾಟಿಯೇ ಒಳಗೆ ಬರಬೇಕು. ಮನೆಗೆ ಇದ್ದದ್ದು ಅದೊಂದೇ ಬಾಗಿಲು. ಬಾಗಿಲಿಗೆ ಕಟ್ಟಿದ್ದ ಪುಟ್ಟ ಗಂಟೆ ಒಬ್ಬೊಬ್ಬರಿಗೂ ಟಿಣ್ ಎನ್ನುತ್ತಿತ್ತು. ಅದನ್ನು ಬಿಚ್ಚಿಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

"ನಿನ್ನೆ ಸಂಜೆ ತಾನೇ ನಗ್ತಾ ಬಾಗಿಲವರೆಗೂ ಬಂದ್ಲಲ್ರೀ," ಎನ್ನುತ್ತಿದ್ದರು ಗುಬ್ಬಿಯ ಶಾಲೆಯ ಗಣಿತದ ಮೇಡಂ. ಹೊಸದಾಗಿ ಕತ್ತರಿಸಿದ ಅವರ ಕೂದಲು ಒಪ್ಪವಾಗಿತ್ತು, ಅದಕ್ಕೇ ನಾಚಿದವರಂತೆ ಸೆರಗನ್ನು ತಲೆ ಮೇಲೆಳೆದುಕೊಳ್ಳುತ್ತಿದ್ದರು. "'ಮೇಡಂ, ಇನ್ನೆರಡು ತಿಂಗಳು ನನ್ನ ಮುಖ ನೋಡೋದು ಬೇಡ ನೀವು' ಅಂದ್ಲು. ಇದೇನ್ರೀ ಇದು!"

"ಗುಂಡುಕಲ್ಲಿನ ಹಾಗಿದ್ದವಳು," ಎಂದ ಪಕ್ಕದ ಅಂಗಡಿಯವನು. "ಒಂದು ದಿನ ಹುಷಾರಿಲ್ಲ ಅಂತ ಮಲಗಿದ್ದು ನಾ ಕಾಣೆ. ಯಾರಾದ್ರೂ ಸ್ವಲ್ಪ ಮೊದಲೇ ನೋಡಿದ್ದಿದ್ರೆ..."

"ನಾವು ನೋಡಿದ್ವಿ," ಎಂದ ಗುಂಡ.

ಗುಬ್ಬಿಯ ತಮ್ಮ, ಒಂದನೇ ಕ್ಲಾಸಿನ ಹುಡುಗ. ಅಪ್ಪನ ಕಾಲ ಬಳಿ ಕೂತು ಶೂ ಲೇಸಿಗೆ ಗಂಟು ಹಾಕುತ್ತಿದ್ದ.

"ಅಮ್ಮ ಕುರ್ಚಿಯಲ್ಲಿ ನಿದ್ದೆ ಮಾಡ್ತಿದ್ಲು. ನಾನು ಎಬ್ಬಿಸೋಕೆ ಹೋದೆ. ಅಕ್ಕ ಬೇಡ ಅಂದ್ಲು. ಬಾಯಿ ಮುಚ್ಚಿದ್ಲು ನಂದು."

ಅಂಗಡಿಯವನು ತನ್ನ ನಾಲಿಗೆ ತಾನೇ ಕಚ್ಚಿಕೊಂಡ. ಒಳಗೆ ಮಂಚದ ಕೆಳಗೆ ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡಳು, ಆದರೆ ಅಷ್ಟು ಹೊತ್ತಿಗೆ ಕೇಳಿಸಿಯಾಗಿತ್ತು.

*

ಆ ಮನೆಗೊಂದು ಕಾನೂನಿತ್ತು. ಬೆಳಗಿಂದ ನಿಂತೇ ದುಡಿಯುವ ಅಮ್ಮ, ಇಬ್ಬರು ಗಿರಾಕಿಗಳ ನಡುವೆ ತಿರುಗುಕುರ್ಚಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳೆಂದರೆ, ಮನೆಯಲ್ಲಿ ಚಮಚ ಕೂಡ ಸದ್ದು ಮಾಡಬಾರದು. ಕಾನೂನು ಮಾಡಿದ್ದು ಅಪ್ಪ. "ಭೂಕಂಪ ಆಗೋದಿದ್ರೂ ಮೆಲ್ಲಗೆ ಆಗ್ಲಿ" ಎನ್ನುತ್ತಿದ್ದ.

ನಿನ್ನೆ ಗುಬ್ಬಿಯ ಎಡಗಡೆ ಮುಗಿದಿತ್ತು, ಅಷ್ಟರಲ್ಲಿ ಗಂಟೆ ಟಿಣ್ ಎಂದಿತು. ಮೇಡಂ ಎಲ್ಲಿಗೋ ಹೊರಟಿದ್ದರು, ಅವಸರ. "ಗಿರಾಕಿ ಕಾಯಲ್ಲ, ಮನೆಯವರು ಕಾಯ್ತಾರೆ. ಒಳಗಿರು ಗುಬ್ಬಿ, ಬಂದೆ," ಎಂದಳು ಅಮ್ಮ. ಗುಬ್ಬಿ ಮುಖ ಊದಿಸಿಕೊಂಡು, ಕತ್ತಿಗೆ ಕಟ್ಟಿದ್ದ ಬಟ್ಟೆಯ ಸಮೇತ ಒಳಗೆ ಹೋದಳು.

ಮೇಡಂ ಹೋದದ್ದು ಕೇಳಿಸಿತು. ಅಮ್ಮ ಬರಲಿಲ್ಲ. ಗುಂಡ ಇಣುಕಿ ಬಂದು, "ಅಮ್ಮ ಮಲಗಿದಾಳೆ, ಎಬ್ಬಿಸ್ಲಾ?" ಎಂದ. ಗುಬ್ಬಿ ತಾನೂ ನೋಡಿದಳು. ತಲೆ ಹಿಂದಕ್ಕೆ ಒರಗಿತ್ತು. ಬಾಚಣಿಗೆ ಇನ್ನೂ ಕೈಯಲ್ಲೇ ಇತ್ತು. ಪಾಪ, ಎಷ್ಟು ಸುಸ್ತಾಗಿದಾಳೋ ಎನ್ನಿಸಿ ಸಿಟ್ಟೆಲ್ಲ ಇಳಿದುಹೋಯಿತು. ರೇಡಿಯೋ ಆರಿಸಿದಳು. ತನ್ನ ಕತ್ತಿನ ಬಟ್ಟೆ ಬಿಚ್ಚಿ ಅಮ್ಮನ ಕಾಲ ಮೇಲೆ ಹೊದಿಸಿದಳು. ಕೂಗಲು ಬಾಯಿ ತೆರೆದ ಗುಂಡನನ್ನು ಒಳಗೆ ಎಳೆದುಕೊಂಡು ಹೋಗಿ, ಸದ್ದಿಲ್ಲದೆ ಚಿತ್ರ ಬರೆಸುತ್ತ ಕೂತಳು. ಎದ್ದ ಮೇಲೆ ಅಮ್ಮ "ಜಾಣೆ" ಅಂದೇ ಅನ್ನುತ್ತಾಳೆ ಎಂದು ಕಾಯುತ್ತಿದ್ದಳು.

ಬೀದಿದೀಪ ಹತ್ತಿದ ಮೇಲೆ ಗಂಟೆ ಮತ್ತೆ ಟಿಣ್ ಎಂದಿತು. ಹಿಂದೆಯೇ ಅಪ್ಪನ ಕೂಗು. ಅಪ್ಪನಿಗೆ ಅಂಥ ಧ್ವನಿಯಿದೆ ಎಂದೇ ಅವರಿಬ್ಬರಿಗೂ ಗೊತ್ತಿರಲಿಲ್ಲ.

*

ಅಪ್ಪ ಬಂದು ದೊಡ್ಡಮ್ಮನನ್ನು ಹೊರಗೆ ಕಳಿಸಿದ. ಆಮೇಲೆ ಮಂಚದ ಕೆಳಗೆ ನುಸುಳಿದ. ಇಸ್ತ್ರಿ ಮಾಡಿದ ಬಿಳಿ ಶರ್ಟಿಗೆ ಧೂಳು ಮೆತ್ತಿತು. ಬಸ್ಸು ಓಡಿಸುವವನ ದೊಡ್ಡ ಮೈ. ಅರ್ಧ ಹೊರಗೇ ಉಳಿಯಿತು.

"ಅಪ್ಪಾ, ಬೈಯಿ ನಂಗೆ," ಎಂದಳು ಗುಬ್ಬಿ. "ನಾನು ಎಬ್ಬಿಸಿದ್ದಿದ್ರೆ ಅಮ್ಮ ಎದ್ದಿರೋಳು."

"ಡಾಕ್ಟರು ಹೇಳ್ಲಿಲ್ವೇನೇ? ಕೂತ ತಕ್ಷಣವೇ ಹೋಗಿದ್ದು, ಪಕ್ಕದಲ್ಲಿ ಡಾಕ್ಟರೇ ಇದ್ದಿದ್ರೂ ಏನೂ ಆಗ್ತಿರ್ಲಿಲ್ಲ ಅಂತ."

"ಅವರಿಗೆ ಗೊತ್ತಿಲ್ಲ. ನಾನು ತುಂಬಾ ಹೊತ್ತು ಸುಮ್ಮನಿದ್ದೆ. ಬಟ್ಟೆ ಬೇರೆ ಹೊದಿಸಿದೆ."

ಅಪ್ಪ ಮಂಚದ ಹಲಗೆಯನ್ನೇ ನೋಡುತ್ತ ಮಲಗಿದ್ದ.

"ಗುಬ್ಬಿ, ನಾನೂ ನೋಡಿದೆ ಕಣೇ."

"ಏನನ್ನ?"

"ನಿನ್ನೆ ಬೇಗನೇ ಬಂದಿದ್ದೆ. ಗಾಜಿನಾಚೆಯಿಂದ ನೋಡಿದೆ, ಮಲಗಿದ್ಲು. ಬಾಗಿಲು ತೆಗೆದ್ರೆ ಗಂಟೆ ಬಡಿಯುತ್ತಲ್ಲ. ಎದ್ದುಬಿಡ್ತಾಳೆ ಅಂತ ಹೊರಗೇ ಮೆಟ್ಟಿಲ ಮೇಲೆ ಕೂತೆ. ಯಾರೋ ಹೆಂಗಸು ಕೂದಲು ಕತ್ತರಿಸೋಕೆ ಅಂತ ಬಂದ್ಲು. ಅವಳನ್ನೂ ನಾನೇ ವಾಪಸ್ ಕಳಿಸಿದೆ. ನಾಳೆ ಬನ್ನಿ, ಮಲಗಿದಾಳೆ ಅಂದೆ."

ಬಾಗಿಲಿನ ಈಚೆ ತಾನು, ಆಚೆ ಅಪ್ಪ. ಗುಬ್ಬಿ ಮಂಚದ ಕೆಳಗೇ ಹೊರಳಿ ಅಪ್ಪನ ತೋಳಿಗೆ ಮುಖ ಒತ್ತಿ, ನಿನ್ನೆಯಿಂದ ಹಿಡಿದಿಟ್ಟಿದ್ದ ಅಳುವನ್ನೆಲ್ಲ ಅತ್ತಳು. ಅಪ್ಪನೂ ಅತ್ತ. ಮಂಚ ಅಲುಗುವುದನ್ನು ಬಾಗಿಲಲ್ಲಿ ನಿಂತು ನೋಡಿದ ದೊಡ್ಡಮ್ಮ ಒಳಗೆ ಬರಲಿಲ್ಲ.

"ಕೂದಲು ಸಂಜೆ ಮಾಡಿಸ್ಕೋತೀನಿ," ಎಂದಳು ಗುಬ್ಬಿ ಕೊನೆಗೆ. "ಅಮ್ಮನ್ನ ಕಳಿಸಿ ಬಂದ್ಮೇಲೆ."

ಹಾಗೆಯೇ ಮಸಣಕ್ಕೆ ಹೋದಳು, ಅರ್ಧ ಕತ್ತರಿಸಿದ ಕೂದಲಲ್ಲೇ. ಬೀದಿಯವರು ನೋಡಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

*

ಸಂಜೆ ಹೊತ್ತಿಗೆ ಬಂದವರೆಲ್ಲ ಕರಗಿದರು. ದೊಡ್ಡಮ್ಮ ಕತ್ತರಿ, ಬಾಚಣಿಗೆ ತೊಳೆದು, ಮಕ್ಕಳಿಬ್ಬರನ್ನೂ ಕರೆದುಕೊಂಡು ಪಾರ್ಲರಿಗೆ ಬಂದಳು. ಬಾಗಿಲಲ್ಲೇ ತಡೆದು ನಿಂತಳು.

ತಿರುಗುಕುರ್ಚಿಯಲ್ಲಿ ಅಪ್ಪ ಕೂತಿದ್ದ. ತಲೆ ಹಿಂದಕ್ಕೆ ಒರಗಿತ್ತು. ಕಣ್ಣು ಮುಚ್ಚಿತ್ತು.

"ಪಾಪ, ನಿನ್ನೆಯಿಂದ ರೆಪ್ಪೆ ಮುಚ್ಚಿಲ್ಲ," ಎಂದು ದೊಡ್ಡಮ್ಮ ಪಿಸುಗುಟ್ಟಿದಳು. "ಮಲಗ್ಲಿ ಬಿಡಿ. ಎಬ್ಬಿಸಬೇ..."

"ಅಪ್ಪಾ!"

ಗುಬ್ಬಿಯ ಚೀತ್ಕಾರಕ್ಕೆ ದೊಡ್ಡಮ್ಮನ ಕೈಯಿಂದ ಬಾಚಣಿಗೆ ಜಾರಿತು. ಗುಬ್ಬಿ ಓಡಿಹೋಗಿ ಅಪ್ಪನ ಎರಡೂ ಭುಜ ಹಿಡಿದು ಗಡಗಡ ಅಲುಗಾಡಿಸಿದಳು. ಗುಂಡ ಅವನ ತೊಡೆ ಹತ್ತಿ ಎದೆಗೆ ಗುದ್ದತೊಡಗಿದ. ಕುರ್ಚಿ ಮೂವರನ್ನೂ ಹೊತ್ತು ಗಿರ್‍ರನೆ ಅರ್ಧ ಸುತ್ತು ತಿರುಗಿತು.

"ಏನು! ಏನಾಯ್ತು!" ಎನ್ನುತ್ತ ಅಪ್ಪ ಬೆಚ್ಚಿಬಿದ್ದು ಎದ್ದ. ಇಬ್ಬರ ಮುಖ ನೋಡಿದ ಮೇಲೆ ಅರ್ಥವಾಯಿತು. "ಇದ್ದೀನಿ ಕಣ್ರೋ. ಇಲ್ಲೇ ಇದ್ದೀನಿ."

ಇಬ್ಬರನ್ನೂ ತಬ್ಬಿಕೊಂಡು ಮತ್ತೆ ಒರಗಿದ. ದಣಿದ ಕಣ್ಣು ಮಾತು ಕೇಳಲಿಲ್ಲ, ಮತ್ತೆ ಎಳೆಯಿತು. ತಕ್ಷಣ ಗುಂಡ ಮೊಣಕಾಲೂರಿ ಎದ್ದು, ಎರಡು ಬೆರಳಲ್ಲಿ ಅಪ್ಪನ ರೆಪ್ಪೆ ಹಿಡಿದು ಮೇಲಕ್ಕೆತ್ತಿದ. ಉಗುರು ತಾಗಿ ಕಣ್ಣಲ್ಲಿ ನೀರು ತುಂಬಿತು. ಅಪ್ಪ ಬಿಡಿಸಿಕೊಳ್ಳಲಿಲ್ಲ. ಆ ಕಣ್ಣನ್ನು ಮಗನ ಕೈಗೆ ಬಿಟ್ಟು, ಇನ್ನೊಂದನ್ನು ತಾನೇ ಅಗಲಿಸಿ ತೆರೆದು, ಮಗಳ ಕಡೆ ನೋಡುತ್ತ ಕೂತ.